ಮೋರಿಮತಿಗೊಂದು ಒಲ್ಲೆ

ತಗ್ಗಿನ ಓಣಿ
ಫೆಬ್ರವರಿ ೩೦, ೨೨೪೧

ಮಾನ್ಯ ಪೂರ್ವಜರೇ,

ಮೊದಲಿಗೆ ತಪ್ಪೊಪ್ಪಿಗೆ. ಇಂದು ಬೆಳಿಗ್ಗೆ, ಹಾಡಹಗಲೇ, ಹಲ್ಲುಜ್ಜಿ ಪೂರ್ಣ ಪ್ರಜ್ಞೆಗೆ ಬಂದ ಮೇಲೆಯೇ, ಓಣಿಯ ಗೋಡೆಗೆ ಅಂಟಿಸಿದ್ದ ನಗರಸಭೆಯ ನೋಟೀಸನ್ನು ನಾನು ಕಿತ್ತು ತಂದಿದ್ದೇನೆ. ಅದರ ಬೆನ್ನ ಮೇಲೆಯೇ ಈ ಪತ್ರ. ನಮ್ಮ ಕಾಲದಲ್ಲಿ ಕಾಗದ ದುರ್ಲಭ. ನೋಟೀಸಿಗೆ ಮಾತ್ರ ಬರವಿಲ್ಲ. ಫೆಬ್ರವರಿಗೆ ಮೂವತ್ತು ದಿನವೇ ಎಂದು ಹುಬ್ಬೇರಿಸಬೇಡಿ. ಪಾಪ, ಆ ತಿಂಗಳಿಗೂ ಕಡೆಗೆ ನ್ಯಾಯ ಸಿಕ್ಕಿತು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮದೂ ನಮಗೆ ಹಾಗೆಯೇ.

ನಮ್ಮೂರ ಒಳಚರಂಡಿಯನ್ನು ನೋಡಿಕೊಳ್ಳುವ ಕೃತಕ ಬುದ್ಧಿಯ ಹೆಸರು ಮೋರಿಮತಿ. ಈ ಹೆಸರನ್ನು ನಿದ್ದೆಯಲ್ಲಿ ಕನವರಿಸಿ ಶ್ರೀಮತಿಯ ಕೋಪಕ್ಕೂ ಗುರಿಯಾಗಿದ್ದೇನೆ. ಅದರ ಈಜುಗಣ್ಣುಗಳು, ಅಂದರೆ ಹೆಬ್ಬೆರಳು ದಪ್ಪದ ಯಂತ್ರಮೀನುಗಳು, ಕೊಳವೆಗಳಲ್ಲಿ ಸದಾ ತಿರುಗುತ್ತ ಎಲ್ಲಿ ಬಿರುಕು, ಎಲ್ಲಿ ಬೇರು, ಎಲ್ಲಿ ವಿಷಗಾಳಿ ಎಂದು ಮುಂಚಿತವಾಗಿ ಹೇಳುತ್ತವೆ. ಮನುಷ್ಯರು ಮ್ಯಾನ್‌ಹೋಲಿಗೆ ಇಳಿದು ಸಾಯುತ್ತಿದ್ದರು ಎಂದರೆ ನಮ್ಮ ಮಕ್ಕಳು ದೆವ್ವದ ಕಥೆ ಎಂದುಕೊಳ್ಳುತ್ತಾರೆ. ಅದೊಂದಕ್ಕೇ ಮೋರಿಮತಿಗೆ ಕೈ ಮುಗಿಯುತ್ತೇನೆ. ಆದರೆ ಕೈ ಮುಗಿಯುವುದು ಬೇರೆ, ಕೈ ಕಟ್ಟಿ ನಿಲ್ಲುವುದು ಬೇರೆ.

ಆದ್ದರಿಂದಲೇ ನಮ್ಮಲ್ಲೊಂದು ಪದ್ಧತಿಯಿದೆ. ಮೋರಿಮತಿ ಕೊಳವೆಯ ಯಾವ ಬಾಗಿಲನ್ನೂ ತಾನಾಗಿ ತೆರೆಯುವಂತಿಲ್ಲ, ಮುಚ್ಚುವಂತಿಲ್ಲ. ತಗ್ಗುಗಾರ 'ಹೂಂ' ಅನ್ನಬೇಕು. ಊರಿನ ಅತಿ ತಗ್ಗಿನ ಮನೆಯಲ್ಲಿರುವವರಿಗೇ ಆ ಹುದ್ದೆ. ನಿರ್ಧಾರ ತಪ್ಪಿದರೆ ಊರ ಹೊಲಸು ಮೊದಲು ಅವರ ಬಚ್ಚಲಿಗೇ ಉಕ್ಕಲಿ ಎಂಬುದು ತತ್ವ. ಸದ್ಯ ಆ ತಗ್ಗಿನಲ್ಲಿದ್ದೂ ತಗ್ಗದ ಮನುಷ್ಯ ಈ ಮುದುಕಪ್ಪ ಬಾವಿಕಟ್ಟಿ, ಅಂದರೆ ನಾನೇ.

ನಿನ್ನೆ ನಮ್ಮ ಓಣಿಯ ದೊಡ್ಡ ಕೊಳವೆ ಕಟ್ಟಿಕೊಂಡಿತು. ತೆರವಾಗುವ ತನಕ ಮೇಲಿನ ಬಡಾವಣೆಯ ಬಾಗಿಲು ಮುಚ್ಚಬಹುದಿತ್ತು. ಇಲ್ಲವೇ ನಮ್ಮ ಕಡೆಯ ಬಾಗಿಲು ತೆರೆದು ಅವರ ಕೊಳಚೆಯನ್ನು ನಮ್ಮ ಮನೆಗಳಿಗೆ ಉಕ್ಕಲು ಬಿಡಬಹುದಿತ್ತು. ಉಕ್ಕಲು ಬಿಡುವುದೇ ಉತ್ತಮ ಎಂದಿತು ಮೋರಿಮತಿ. ಕಾರಣ, ತಗ್ಗಿನ ಓಣಿಯಿಂದ ಈವರೆಗೆ ಒಂದು ದೂರೂ ಬಂದಿಲ್ಲವಂತೆ! ನಾನು 'ಒಲ್ಲೆ' ಅಂದೆ. ಬೆಳಗಾಗುವಷ್ಟರಲ್ಲಿ ಗೋಡೆಯ ಮೇಲೆ ನೋಟೀಸು: ನಾಳೆಯಿಂದ ತಗ್ಗುಗಾರನ ಹುದ್ದೆ ರದ್ದು, ಇನ್ನು ಮೋರಿಮತಿಯದೇ ಕೊನೆಯ ಮಾತು.

ಪಕ್ಕದ ಮನೆಯ ಫಕೀರವ್ವನನ್ನು ಕೇಳಿದೆ, ಇಷ್ಟು ವರ್ಷ ಯಾಕೆ ದೂರಲಿಲ್ಲ ಎಂದು. "ಯಾರಿಗೆ ಹೇಳೂದೋ ತಮ್ಮಾ? ಉಕ್ಕಿದಾಗೆಲ್ಲ ನಾವ ಬಕೀಟ್ಲೆ ಬಳದ್ವಿ. ಸುಮ್ಮನಿದ್ವಿ ಅಂದ್ರ ನಮಗ ಮೂಗ ಇಲ್ಲಂತ ತಿಳೀತೇನ ಅದು? ಕರಿ ಅದನ್ನ, ನಾ ಹೇಳತೀನಿ!" ಎಂದು ಸೆರಗು ಬಿಗಿದಳು. ಅವಳ ಹಿಂದೆ ಇಡೀ ಓಣಿ ಸಾಲುಗಟ್ಟಿತು. ಕೆಲವರು ಆ ಭರದಲ್ಲಿ ಅತ್ತೆಯ ಮೇಲಿನ ದೂರನ್ನೂ ಸೇರಿಸಿದರು. ಮಧ್ಯಾಹ್ನದ ಹೊತ್ತಿಗೆ ಮೋರಿಮತಿ ತನ್ನ ಲೆಕ್ಕ ತಿದ್ದಿಕೊಂಡಿತು. ನಾನು 'ಹೂಂ' ಅಂದೆ, ಮೇಲಿನವರ ಬಾಗಿಲು ಮುಚ್ಚಿತು. ನಗರಸಭೆ ಮಾತ್ರ ಇನ್ನೂ ತಿದ್ದಿಕೊಂಡಿಲ್ಲ. ನಾಳೆ ಹುದ್ದೆ ಕಸಿಯಲು ಬರುತ್ತಾರೆ. ಬರಲಿ. ಕೊಳವೆಯ ಬಾಗಿಲ ಮೇಲೆ ಓಣಿಗೆ ಓಣಿಯೇ ಚಾಪೆ ಹಾಸಿ ಕೂತಿರುತ್ತದೆ.

ಪೂರ್ವಜರೇ, ಈ ಬುದ್ಧಿಗೆ ನೀವೀಗ ಅಕ್ಷರಾಭ್ಯಾಸ ಮಾಡಿಸುತ್ತಿದ್ದೀರಿ. ದೂರು ಬಾರದಲ್ಲಿ ದುಃಖವಿಲ್ಲ ಎಂದು ಮಾತ್ರ ಕಲಿಸಬೇಡಿ. ದೂರದವರನ್ನು ದೂರವಿಡಬೇಡಿ, ಬಾಗಿಲು ತಟ್ಟಿ ಕೇಳುವುದನ್ನು ಕಲಿಸಿ. ಅದು ನೋಡಲಿ, ಎಣಿಸಲಿ, ಎಚ್ಚರಿಸಲಿ. 'ಹೂಂ' ಮಾತ್ರ ಹೊಲಸು ಉಕ್ಕುವ ಮನೆಯವರ ಬಾಯಲ್ಲೇ ಇರಲಿ.

ಕೊಳವೆ ಕಟ್ಟಿಕೊಂಡ ತಪ್ಪೂ ನಮ್ಮದಲ್ಲ. ನಮ್ಮ ಓಣಿಯವರು ಮೋರಿಗೆ ಎಳ್ಳುಕಾಳನ್ನೂ ಎಸೆದವರಲ್ಲ, ಇದು ಮೇಲಿನವರದೇ ಪಾಪ ಎಂದು ನಗರಸಭೆಯಲ್ಲಿ ಎದೆ ತಟ್ಟಿ ಹೇಳಿ ಬಂದಿದ್ದೇನೆ.

ಇಷ್ಟು ಬರೆಯುವಷ್ಟರಲ್ಲಿ ಈಜುಗಣ್ಣುಗಳು ಕೊಳವೆಗೆ ಕಟ್ಟಿಕೊಂಡಿದ್ದನ್ನು ಹೊರಗೆಳೆದು ಓಣಿಯವರೆಲ್ಲರ ಮುಂದೆ ಇಟ್ಟಿವೆ. ಹಳದಿ ಬಣ್ಣ, ತುಪ್ಪದ ಘಮ. ನನ್ನ ಹುಟ್ಟುಹಬ್ಬಕ್ಕೆ ಓಣಿಗೆಲ್ಲ ಹಂಚಲೆಂದು ನಾನೇ ಕೊಪ್ಪರಿಗೆ ತುಂಬ ಮಾಡಿ, ಕೆಡಿಸಿ, ಮಡದಿಗೆ ತಿಳಿಯದಂತೆ ಬಚ್ಚಲಿಗೆ ಸುರಿದ ಮೈಸೂರು ಪಾಕು. ತಟ್ಟೆಯಲ್ಲಿ ಎಷ್ಟು ಕಾದರೂ ಅದು ಗಟ್ಟಿಯಾಗಿರಲಿಲ್ಲ.