ಡ್ಯೂಪಿನ ಮುಖ

ಮನೆಯಿಂದ,
ಭಾನುವಾರ, ಮಧ್ಯಾಹ್ನದ ಊಟ ಮುಗಿಸಿ

ಪ್ರೀತಿಯ ಅಮ್ಮಾ,

ಭುಜದ ನೋವು ಹೇಗಿದೆ? ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದೀಯೋ, ಇಲ್ಲ ಆ ಹೊಸ ಹುಡುಗಿಯರಿಗೆ ಬೀಳುವುದನ್ನು ಕಲಿಸುವ ನೆಪದಲ್ಲಿ ನೀನೇ ಮೊದಲು ಹಾರಿ ತೋರಿಸುತ್ತಿದ್ದೀಯೋ? ಎರಡನೆಯದೇ ಇರಬೇಕು. ಇಲ್ಲಿ ಅಜ್ಜಿ ಆರಾಮವಾಗಿದ್ದಾರೆ. ಬಚ್ಚಲಿನ ನಲ್ಲಿ ಮತ್ತೆ ಸೋರುತ್ತಿದೆ, ಅದಿರಲಿ. ನಾನು ಬರೆಯಲು ಕುಳಿತದ್ದು ನಿನ್ನ ಜೊತೆ ಜಗಳವಾಡಲು. ಫೋನಿನಲ್ಲಾದರೆ "ಶಾಟ್ ರೆಡಿ, ಇಡ್ತೀನಿ" ಎಂದು ತಪ್ಪಿಸಿಕೊಳ್ಳುತ್ತೀಯ. ಕಾಗದದಿಂದ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ನಿನ್ನೆ ಅಜ್ಜಿಯನ್ನು ಕರೆದುಕೊಂಡು ಹೋಗಿ, ನಾನು ಚಿಕ್ಕವಳಿದ್ದಾಗ ನೀನು ಡ್ಯೂಪ್ ಮಾಡಿದ ಆ ಹಾರುವ ನಾಯಕಿಯ ಸಿನಿಮಾದ ಎರಡನೇ ಭಾಗ ನೋಡಿಬಂದೆ. ಹಳೆಯದಲ್ಲ. ಆಗ ಕಂಪನಿಯವರು ಕತ್ತರಿಸಿ ಮೂಲೆಗೆ ಹಾಕಿದ್ದನ್ನೆಲ್ಲ ಹುಡುಕಿ ತೆಗೆದು, ನಿರ್ದೇಶಕರು ತಮ್ಮ ಮನಸ್ಸಿಗೆ ಬಂದಂತೆ ಮತ್ತೆ ಜೋಡಿಸಿದ್ದಾರಲ್ಲ, ಅದು. ಎಲ್ಲ ಕಡೆ ಈಗ ಒಂದೇ ಚರ್ಚೆ, ಹಳೆಯದು ಮೇಲೋ ಹೊಸದು ಮೇಲೋ ಎಂದು. ನನ್ನನ್ನು ಕೇಳಿದರೆ ಹೊಸದು ಪೂರ್ತಿ ಚೆನ್ನಾಗೇನೂ ಇಲ್ಲ. ಕಂಪನಿಯವರು ಕೆಲವು ಕಡೆ ಸರಿಯಾಗಿಯೇ ಕತ್ತರಿ ಆಡಿಸಿದ್ದರು. ಖಳನಾಯಕ ತನ್ನ ಬಾಲ್ಯದ ಕಷ್ಟ ಹೇಳಿಕೊಳ್ಳಲು ಶುರುಮಾಡಿದಾಗ ಅಜ್ಜಿ ನಿದ್ದೆ ಹೋದರು. ಎಚ್ಚರವಾದಾಗ ಅವನಿನ್ನೂ ಹೇಳುತ್ತಲೇ ಇದ್ದ.

ಆದರೆ ನಾಯಕಿ ಗಡಿಯಾರದ ಗೋಪುರದಿಂದ ಜಿಗಿಯುವ ಶಾಟ್ ಇದೆಯಲ್ಲ, ಅದರ ವಿಷಯದಲ್ಲಿ ನಾನು ಜಗ್ಗುವವಳಲ್ಲ. ಹಳೆಯದರಲ್ಲಿ ಅವಳ ಬೆನ್ನಷ್ಟೇ ಕಾಣುತ್ತದೆ, ಆಮೇಲೆ ಕಂಪ್ಯೂಟರಿನ ಗೊಂಬೆ ಬೀಳುತ್ತದೆ, ಕೊನೆಗೆ ನಾಯಕಿ ಕೂದಲೂ ಕೆದರದೆ ನಿಂತಿರುತ್ತಾಳೆ. ಹೊಸದರಲ್ಲಿ ಜಿಗಿತ ಇಡಿಯಾಗಿದೆ. ಅರ್ಧದಲ್ಲಿ ಮುಖ ಇತ್ತ ತಿರುಗುತ್ತದೆ. ನಿನ್ನ ಮುಖ, ಗಲ್ಲದ ಹೊಲಿಗೆಯ ಗುರುತಿನ ಸಮೇತ. ಅಜ್ಜಿ ಎದ್ದು ನಿಂತು, "ಅಯ್ಯೋ, ನಮ್ಮ ಹುಡುಗಿ ಬೀಳ್ತಿದ್ದಾಳಲ್ಲೇ" ಎಂದರು. ಹಿಂದಿನ ಸಾಲಿನವರು ಬೈದು ಕೂರಿಸಬೇಕಾಯಿತು.

ಜನ ಅದನ್ನು ತಪ್ಪು ಎಂದು ನಗುತ್ತಿರುವುದು ನನಗೂ ಗೊತ್ತು. ಮೊಬೈಲಿನಲ್ಲಿ ಅಲ್ಲಿಗೇ ನಿಲ್ಲಿಸಿ, ಈ ಹೆಂಗಸು ಯಾರಪ್ಪಾ ಎಂದು ಹಂಚಿಕೊಳ್ಳುತ್ತಿದ್ದಾರೆ. ಅದಕ್ಕೆ ನೀನು ನಾಚಿಕೊಂಡು, ನನ್ನ ಮುಖ ಅಳಿಸಿ ನಾಯಕಿಯದನ್ನು ಅಂಟಿಸಿಬಿಡಿ ಎಂದು ನಿರ್ದೇಶಕರಿಗೆ ಹೇಳಿಕಳಿಸಿದ್ದೀಯಂತೆ. ಅಜ್ಜಿ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. "ಡ್ಯೂಪ್ ಮುಖ ಕಂಡ್ರೆ ಕೆಲಸ ಕೆಟ್ಟಿತು ಅಂತಾನೇ ಅರ್ಥ" ಎಂಬ ನಿನ್ನ ಮಾತು ಕೇಳಿಯೇ ಬೆಳೆದವಳು ನಾನು. ಅದು ನಿಮ್ಮ ಕಸುಬಿನ ಮರ್ಯಾದೆ, ಒಪ್ಪಿದೆ. ಇಷ್ಟು ವರ್ಷ ನಿನ್ನ ಬೆನ್ನು, ಮೊಣಕೈ, ವಿಗ್ಗು ನೋಡಿಯೇ ಚಪ್ಪಾಳೆ ತಟ್ಟಿದ್ದೇನೆ. ಇದೊಂದನ್ನು ಮಾತ್ರ ಬಿಟ್ಟುಕೊಡಲಾರೆ.

ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಕಣ್ಣು ನೋಡುವ ಕೆಲಸ ನನ್ನದು. ಯಾರ ಕಣ್ಣು ಎಲ್ಲಿದೆ ಎಂದು ನನಗೆ ತಿಳಿಯುತ್ತದೆ. ಗಾಳಿಗೆ ಕತ್ತು ತಿರುಗಿತು ಎಂದು ಆವತ್ತು ಫೈಟ್ ಮಾಸ್ಟರಿಗೆ ಹೇಳಿ ಬೈಸಿಕೊಂಡೆಯಲ್ಲ, ಅದು ಸುಳ್ಳು. ನೀನು ಕ್ಯಾಮೆರಾವನ್ನೂ ನೋಡುತ್ತಿಲ್ಲ, ಕೆಳಗೆ ಹಾಸಿದ್ದ ಗಾಳಿಹಾಸಿಗೆಯನ್ನೂ ನೋಡುತ್ತಿಲ್ಲ. ಎಡಗಡೆಗೆ, ಲೈಟಿನ ಪೆಟ್ಟಿಗೆಗಳತ್ತ ನೋಡುತ್ತಿದ್ದೀಯ. ಸ್ಕೂಲಿಗೆ ರಜೆಯೆಂದು ಆವತ್ತು ನನ್ನನ್ನು ಕೂರಿಸಿ ಹೋಗಿದ್ದು ಆ ಪೆಟ್ಟಿಗೆಯ ಮೇಲೆ. ನಾನು ಇಳಿದು ನಿನ್ನ ಕಡೆ ಓಡಿಬರುತ್ತಿದ್ದೆ. ಅಮ್ಮ ಮೇಲಿನಿಂದ ಬೀಳುತ್ತಿದ್ದರೆ ಯಾವ ಮಗು ತಾನೇ ಕೂತಿರುತ್ತದೆ? ನಿನ್ನ ಮುಖದಲ್ಲಿರುವುದು ಬೀಳುವ ಹೆದರಿಕೆಯಲ್ಲ, ನನಗೇನಾದರೂ ಆದೀತೆಂಬ ಹೆದರಿಕೆ. ಕೆಳಗಿರುವವರನ್ನು ಕಾಪಾಡಲೆಂದೇ ಹಾರುವ ನಾಯಕಿ ಹಾಗೆ ನೋಡದೆ ಇನ್ನು ಹೇಗೆ ನೋಡಬೇಕು? ಇಡೀ ಸಿನಿಮಾದಲ್ಲಿ ನಾನು ಅವಳನ್ನು ನಂಬಿದ್ದು ಅಲ್ಲೊಂದೇ ಕಡೆ. ಅದೊಂದಕ್ಕೇ ಹೊಸದು ಮೇಲು. ಯಾರು ಬೇಕಾದರೂ ವಾದಕ್ಕೆ ಬರಲಿ.

ಅಜ್ಜಿ ಆಶೀರ್ವಾದ ತಿಳಿಸಿದ್ದಾರೆ, ಭುಜಕ್ಕೆ ಎಣ್ಣೆ ಹಚ್ಚಿಕೊಳ್ಳಬೇಕಂತೆ. ಹುಡುಗಿಯರಿಗೆ ನನ್ನ ನೆನಪು ಹೇಳು.

ಸೆಟ್ಟಿನಲ್ಲಿ ಎಲ್ಲರೂ ಕರೆಯುತ್ತಿದ್ದಂತೆ,
ನಿನ್ನ ಬಾಲ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಹೇಳಿಬಿಡುತ್ತೇನೆ. ಬೆಳಿಗ್ಗೆ ನಿರ್ದೇಶಕರು ಮನೆಗೆ ಫೋನ್ ಮಾಡಿದ್ದರು, ನೀನು ಸಿಗಲಿಲ್ಲವಂತೆ. "ನಂಗೆ ಅಳಿಸೋಕೆ ಇಷ್ಟ ಇಲ್ಲ. ಆದ್ರೆ ಮುಖ ಅವರದು, ಅವರು ಹೇಳಿದಂಗೇ ಆಗ್ಲಿ. ನಿಜವಾಗ್ಲೂ ಅಳಿಸ್ಬೇಕಾ, ಒಂದ್ಸಲ ಕೇಳಿ ಹೇಳಮ್ಮ" ಎಂದರು. ಕೇಳುತ್ತೇನೆ ಎನ್ನಲಿಲ್ಲ ನಾನು. ಅಳಿಸೋದು ಬೇಡ ಅಂತ ಅಮ್ಮನೇ ಅಂದಿದ್ದಾರೆ, ಮುಖ ಹಾಗೇ ಇರಲಿ ಎಂದುಬಿಟ್ಟೆ. ಬೈಯುವುದಿದ್ದರೆ ಫೋನಿನಲ್ಲಿ ಬೇಡ. ಮನೆಗೆ ಬಂದು, ನನ್ನ ಮುಖ ನೋಡಿಕೊಂಡು ಬೈ.