ನೀಲಿ ಮಣಿಸರದ ನಾಯಿ

ಫೆ. 3, ಮಧ್ಯಾಹ್ನ

ಗೋವಾದ ಅಗೋಂದ ಬೀಚ್. ಬೆನ್ನಿನ ಚೀಲ ಇಳಿಸಿ ಮೂರು ದಿನ. ಐದು ತಿಂಗಳ ತಿರುಗಾಟದಲ್ಲಿ ಇದೇ ಮೊದಲು, ಏನೂ ಮಾಡದೆ ಇರುವ ಕಾರ್ಯಕ್ರಮ. ಬಿದಿರಿನ ಗುಡಿಸಲು, ಫ್ಯಾನಿಗೆ ಒಂದೇ ಸ್ಪೀಡು, ಸಮುದ್ರ ಫ್ರೀ. ಶ್ರದ್ಧಾಭಕ್ತಿಯಿಂದ ಮಲಗಿದ್ದೆ. ಪಕ್ಕದಲ್ಲಿ ಕಂದು ನಾಯಿ, ಕೊರಳಲ್ಲಿ ನೀಲಿ ಮಣಿಸರ. ಬಿಸ್ಕತ್ತು ಕೊಟ್ಟೆ. ಬಿಸ್ಕತ್ತು ತಿಂದಿತು, ಬೆರಳನ್ನೂ ರುಚಿ ನೋಡಿತು. ರಕ್ತ.

ಬೀಚಿನಲ್ಲಿ ಮಣಿಸರ ಮಾರುವ ಶಿವವ್ವ, ವಿಜಯಪುರದ ಕಡೆಯವಳು, ಓಡಿ ಬಂದಳು. "ಹೆದರಬ್ಯಾಡ್ರಿ ಅಣ್ಣಾರ, ಸುಣ್ಣ ಹಚ್ರಿ."

ಹಚ್ಚಲಿಲ್ಲ. ಸೋಪು ಹಾಕಿ ತೊಳೆದು ಸರ್ಕಾರಿ ಆಸ್ಪತ್ರೆಗೆ.

ಸಂಜೆ

ರೇಬೀಸ್ ಬಾರದಿರಲೆಂದು ಬೆರಳಿಗೆ ಒಂದಿಷ್ಟು, ತೋಳಿಗೆ ಒಂದಿಷ್ಟು ಚುಚ್ಚಿದರು. ನಾನು ಕೂಗಿದ್ದು ಹೊರಗಿನ ಕ್ಯೂಗೂ ಕೇಳಿಸಿತಂತೆ. ನರ್ಸ್ ಹಿಂದಿಯಲ್ಲಿ ಆಜ್ಞೆ: ಆರನೇ ತಾರೀಕು ಬಾ, ಹತ್ತನೇ ತಾರೀಕು ಬಾ. ನಾಯಿಯನ್ನು ಹತ್ತು ದಿನ ನೋಡು. ಬದುಕಿದ್ದರೆ ಚಿಂತೆಯಿಲ್ಲ.

ಫೆ. 6

ಹೋಗಲಿಲ್ಲ. ನೀಲಿಮಣಿ ಮಹಾಶಯರು ಬೆಳಗ್ಗೆಯಿಂದ ಏಡಿಗಳನ್ನು ಅಟ್ಟಿಸಿಕೊಂಡು ಓಡುತ್ತಿದ್ದಾರೆ. ಇಷ್ಟು ಆರೋಗ್ಯವಂತ ನಾಯಿಯ ಹೆಸರಲ್ಲಿ ಸೂಜಿ ಚುಚ್ಚಿಸಿಕೊಳ್ಳುವುದು ನಾಯಿಗೇ ಅವಮಾನ.

ಫೆ. 10

ಇಂದೂ ಹೋಗಲಿಲ್ಲ. ಮಹಾಶಯರು ನನ್ನ ಆಮ್ಲೆಟ್ ತಿಂದು ನಿದ್ರಿಸಿದರು. ಒಂದು ಸಣ್ಣ ಅನುಮಾನ... ಅವತ್ತು ಇದರ ಕಿವಿ ಹರಿದಿತ್ತಲ್ಲವೇ? ಬಿಸಿಲಿಗೆ ಹಾಗೆ ಕಂಡಿರಬೇಕು.

ಫೆ. 12, ಬೆಳಗ್ಗೆ 8

ಇನ್ನೊಂದೇ ದಿನ ಎಂದು ಹಿಗ್ಗುತ್ತ ಹೊರಬಂದೆ. ಎದುರಿಗೆ ನೀಲಿ ಮಣಿಸರದ ನಾಯಿ. ಅದರ ಪಕ್ಕ ನೀಲಿ ಮಣಿಸರದ ಇನ್ನೊಂದು ನಾಯಿ.

"ನಾಕ್ ನಾಯಿಗೆ ಹಾಕೇನ್ರಿ," ಎಂದಳು ಶಿವವ್ವ. "ಫಾರಿನ್ನಿನವರು ನಾಯಿ ಫೋಟೋ ತೆಗೀತಾರ, ಆಮ್ಯಾಲೆ ಸರ ಎಲ್ಲಿ ಸಿಗತೈತಿ ಅಂತಾರ. ನಮ್ದೂ ಅಡ್ವರ್ಟೈಸು!"

"ನನ್ನನ್ನು ಕಚ್ಚಿದ್ದು ಯಾವುದು?"

"ಅದಾ? ಹರಕ್ ಕಿವೀದು. ಮರುದಿನಾನ ಅದರ ಸರ ಬಿಚ್ಚಿ ಇದಕ್ಕ ಹಾಕಿದ್ನಿ."

"ಯಾಕೆ?"

"ಅನ್ನ ಮುಟ್ಟವಲ್ದಾಗಿತ್ರಿ. ಜಡ್ಡಿನ ನಾಯಿ ಕೊಳ್ಳಾಗಿನ ಸರ ನೋಡಿ ಯಾರ್ ತಗೋತಾರ?"

"ನನಗೆ ಹೇಳಬಾರದಿತ್ತೇ ಶಿವವ್ವಾ!"

"ದಿನಾ ಆಮ್ಲೆಟ್ ತಿನ್ನಸ್ತಿದ್ರಿ. ಪ್ರೀತಿ ಅಂತ ತಿಳಕೊಂಡಿದ್ನಿ."

ಹರಕು ಕಿವಿಯದು ಈಗ ಎಲ್ಲಿ? ನಾಲ್ಕು ದಿನದಿಂದ ಯಾರೂ ಕಂಡಿಲ್ಲ.

11.30

ಆಸ್ಪತ್ರೆ. ನರ್ಸ್ ಕಾರ್ಡ್ ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಧೈರ್ಯ ಬರುತ್ತಿತ್ತು. ಚುಚ್ಚಿದರು. ಈ ಸಲ ನಾನು ಕೂಗಲಿಲ್ಲ. "ನಾಯಿಯನ್ನು ಹುಡುಕು" ಎಂದಷ್ಟೇ ಹೇಳಿದರು.

2.00

ಗಂಟಲು ಹಿಡಿದ ಹಾಗೆ. ನೀರು ಕುಡಿದು ನೋಡಿದೆ, ಇಳಿಯಿತು. ಮತ್ತೆ ಕುಡಿದೆ, ಇಳಿಯಿತು. ನಾಲ್ಕನೇ ಬಾಟಲಿ. ಸಮುದ್ರಕ್ಕೆ ಬೆನ್ನು ಹಾಕಿ ಕೂತಿದ್ದೇನೆ — ರೇಬೀಸಿನವರಿಗೆ ನೀರು ಕಂಡರೆ ಭಯವಂತೆ, ನನಗೂ ಹೆದರಿಕೆಯಾದರೆ ಏನು ಗತಿ? ಬೆರಳು ಜುಮ್ಮೆನ್ನುತ್ತಿದೆ. ಅಮ್ಮನಿಗೆ "ಫುಲ್ ರಿಲ್ಯಾಕ್ಸ್" ಎಂದು ಮೆಸೇಜ್ ಹಾಕಿದೆ. ಮೂರು ಸಲ ತಪ್ಪು ಟೈಪ್ ಮಾಡಿ.

4.10

ಸಿಕ್ಕಿತು. ಬೀಚಿನ ಕೊನೆಯಲ್ಲಿ, ಮೀನುಗಾರರ ದೋಣಿಯ ಕೆಳಗೆ. "ಉಸರೈತ್ರಿ," ಎಂದು ಶಿವವ್ವ ಕೂಗಿ ಕರೆದಳು. ಹತ್ತು ಅಡಿ ದೂರ ಕೂತಿದ್ದೇವೆ. ಕಂಡದ್ದನ್ನು ಕಂಡಹಾಗೆ ಬರೆಯುತ್ತಿದ್ದೇನೆ.

ತೆಂಗಿನ ಚಿಪ್ಪಿನಲ್ಲಿ ನೀರಿಟ್ಟು ಉದ್ದ ಕೋಲಿನಿಂದ ಅದರ ಮುಂದಕ್ಕೆ ತಳ್ಳಿದಳು.

"ನೀರ್ ಕುಡದ್ರ ಬದುಕಿದಂಗ್ರಿ ಅಣ್ಣಾರ."

"ಯಾರು, ನಾಯಿಯೇ?"

"ಇಬ್ರೂ."

ಹರಿದ ಕಿವಿ ಅಲುಗಿತು. ತಲೆ ಎತ್ತಿತು. ನೀರನ್ನು ನೋಡುತ್ತಿದೆ. ಮೂಸಿತು. ಕುಡಿ ಮಾರಾಯ, ಒಂದೇ ಗುಟುಕು... ಈಗ ನನ್ನನ್ನು ನೋಡುತ್ತಿದೆ. ಎದ್ದು ನಿಂತಿತು. ಶಿವವ್ವ ಕೋಲು ಹಿಡಿದುಕೊಂಡಳು. ನೀರು ಮುಟ್ಟದೆ, ಚಿಪ್ಪು ದಾಟಿ ಈ ಕಡೆಗೇ —