ಕೊನೆಯ ಮಾತು ಯಾರದು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಮರಿ,

ನಿನ್ನ ಕಾಗದ ಬಂತು. ಕೆಲಸ ಬಿಟ್ಟು ಸ್ವಂತ ಕಂಪನಿ ಶುರು ಮಾಡುತ್ತಿದ್ದೀಯ, ಮೊದಲು ಏನು ಮಾಡಬೇಕು ಹೇಳು ಅಕ್ಕ ಎಂದು ಕೇಳಿದ್ದೀಯ. ಕಂಪನಿ ಮುಚ್ಚಿ ಕೂತವಳನ್ನು ಕೇಳುತ್ತಿದ್ದೀಯಲ್ಲ, ಇರಲಿ. ಪಾಲುದಾರಳು ಯಾರೆಂದು ಮಾತ್ರ ನೀನು ಬರೆದಿಲ್ಲ. ಇಷ್ಟು ದಿನದ ಮೇಲೆ ಚೂಟಿಯೇ ಫೋನ್ ಮಾಡಿ ಹೇಳಿದಳು. ನನ್ನ ಜೊತೆ ಕಂಪನಿ ಕಟ್ಟಿ, ನನ್ನ ಜೊತೆ ಮಾತು ಬಿಟ್ಟವಳು ಈಗ ಅದೇ ಅಂಗಿಯ ಕೆಲಸವನ್ನು ನಿನ್ನ ಜೊತೆ ಮಾಡುತ್ತಾಳಂತೆ. ನನಗೆ ನೋವಾಗುತ್ತದೆಂದು ಮುಚ್ಚಿಟ್ಟೆಯೇನೋ. ನೋವಾಗಲಿಲ್ಲ. ಈಚೆಗೆ ಯಾವುದೂ ಆಗುವುದಿಲ್ಲ.

ಚೂಟಿಯ ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದಾಗ ನಮ್ಮ ಕಂಪನಿ ಹುಟ್ಟಿತು. ಗುಂಡಿಯ ಬದಲು ಅಯಸ್ಕಾಂತ ಇಟ್ಟ ಅಂಗಿ, ಒಂದೇ ಕೈಯಲ್ಲಿ ಹಾಕಿಕೊಳ್ಳಬಹುದು. ನೋಡಿದವರೆಲ್ಲ ಹೊಗಳಿದರು. ಹೊಗಳಿಕೆ ನಂಬಿ ರಾಶಿಗಟ್ಟಲೆ ಹೊಲಿಸಿದೆವು. ಆಮೇಲೊಂದು ದಿನ, ಅಂಗಿ ಕೊಂಡಿದ್ದ, ಒಂದು ಕೈ ಬಿದ್ದುಹೋಗಿದ್ದ ನಿವೃತ್ತ ಮೇಷ್ಟ್ರೊಬ್ಬರ ಮನೆಗೆ ಹೋದೆವು. "ತುಂಬಾ ಚೆನ್ನಾಗಿದೆಯಮ್ಮ, ಎತ್ತಿಟ್ಟಿದೀನಿ" ಅಂದರು. ಮೈಮೇಲೆ ಹಳೆಯ ಅಂಗಿ, ಗುಂಡಿ ಹಾಕಿರಲಿಲ್ಲ. ನಮ್ಮದನ್ನು ಹಾಕಿ ತೋರಿಸಿ ಎಂದು ಚೂಟಿ ಪಟ್ಟು ಹಿಡಿದಳು. ಬಿದ್ದ ಕೈಯನ್ನು ಅಂಗಿಯ ತೋಳಿನೊಳಗೆ ತೂರಿಸುವುದರಲ್ಲೇ ಅವರಿಗೆ ಸಾಕುಸಾಕಾಯಿತು. ಅಯಸ್ಕಾಂತದ ತನಕ ಬರಲೇ ಇಲ್ಲ. ನಾವು ಗುಂಡಿ ಸರಿಮಾಡಿದ್ದೆವು, ತೊಂದರೆ ತೋಳಿನಲ್ಲಿತ್ತು. ಹಾಗಾಗಿ ಮರಿ, ಚೆನ್ನಾಗಿದೆಯೇ ಎಂದು ಯಾರನ್ನೂ ಕೇಳಬೇಡ. ಅವರು ಬಳಸುವಾಗ ಪಕ್ಕದಲ್ಲಿ ಸುಮ್ಮನೆ ಕೂತು ನೋಡು. ರಾಶಿ ಹೊಲಿಸುವ ಮೊದಲೇ ನೋಡು.

ತೋಳು ಅಗಲ ಮಾಡಿದ ಮೇಲೆ ಅಂಗಿ ಓಡಿತು. ಆಗ ದೊಡ್ಡ ಅಂಗಡಿಯೊಂದರವರು ಬಂದರು. ಎಷ್ಟಾದರೂ ಕೊಳ್ಳುತ್ತೇವೆ, ತೋಳು ಮಾತ್ರ ಮಾಮೂಲಿನಂತೆ ಕಿರಿದಾಗಿರಲಿ, ನೋಡಲು ಚೆಂದ ಎಂದರು. ನಾನು ಒಪ್ಪೋಣ ಎಂದೆ. "ನಮ್ಮಪ್ಪ ಹಾಕ್ಕೊಳ್ಳೋಕಾಗದ ಅಂಗಿ ನಾನು ಮಾರಲ್ಲ ಕಣೆ" ಅಂದಳು ಚೂಟಿ. ಇಬ್ಬರದೂ ಸಮಪಾಲು, ಸಮ ಹಠ. ಮಾತು ಕೂಡದಿದ್ದಾಗ ಕೊನೆಯ ಮಾತು ಯಾರದೆಂದು ನಾವು ಯಾವತ್ತೂ ಯೋಚಿಸಿರಲಿಲ್ಲ. ಗೆಳತಿಯರ ನಡುವೆ ಅದೆಲ್ಲ ಯಾಕೆ ಅಂದುಕೊಂಡಿದ್ದೆವು. ಒಂದೇ ಕೋಣೆಯಲ್ಲಿ ಕೂತು ಟೈಲರ್ ಮೂಲಕ ಮಾತಾಡತೊಡಗಿದೆವು. ಪಾಪ, ಅವರು ಅಲ್ಲಿಂದ ಇಲ್ಲಿಗೆ ಟೇಪು ಹಿಡಿದು ಓಡಾಡಿದರು. ಅಂಗಡಿಯವರು ಕಾದು ಕಾದು ಬೇರೆಯವರನ್ನು ಹಿಡಿದರು. ಚೂಟಿ ತನ್ನ ಕತ್ತರಿ ತೆಗೆದುಕೊಂಡು ಹೊರಟಳು. ಬಾಗಿಲಲ್ಲಿ ಸ್ವಲ್ಪ ನಿಂತಳು. ನಾನು ಕಂಪ್ಯೂಟರ್ ನೋಡುತ್ತಿದ್ದೆ. ಪರದೆಯಲ್ಲಿ ಏನೂ ಇರಲಿಲ್ಲ.

ಅವಳು ಹೋದ ಮೇಲೆ ಕಿರಿದಾದ ತೋಳಿನ ಅಂಗಿಯನ್ನೇ ಹೊಲಿಸಿದೆ. ಗಿರಾಕಿಗಳ ಮನೆಗೆ ಹೋಗುವುದು ನಿಂತಿತು, ಆಮೇಲೆ ಗಿರಾಕಿಗಳೂ ನಿಂತರು. ಮೊನ್ನೆ ಶುಕ್ರವಾರ ಮುಚ್ಚಿದೆ. "ಸೋಮವಾರ ಬರೋದಾ ಮೇಡಂ?" ಎಂದರು ಟೈಲರ್. ಬೇಡ ಅಂದೆ. ಯಂತ್ರ ಒರೆಸಿ, ಬಟ್ಟೆ ಹೊದಿಸಿ ಹೋದರು. ಮನೆಗೆ ಬಂದು ಊಟ ಮಾಡಿ ಪಾತ್ರೆ ತೊಳೆದೆ. ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕೂತೆ. ಬರಲಿಲ್ಲ. ಎದ್ದೆ.

ಚೂಟಿಯ ಜೊತೆ ಈಗಲೇ ಕೂತು ಮಾತಾಡು, ಇಬ್ಬರೂ ನಗುನಗುತ್ತಾ ಇರುವಾಗಲೇ. ಯಾವ ವಿಷಯದಲ್ಲಿ ಯಾರ ಮಾತು ನಡೆಯಬೇಕು, ಒಬ್ಬಳು ಹೊರಟುನಿಂತರೆ ಏನು, ಎಲ್ಲ ಬರೆದು ಸಹಿ ಹಾಕಿಕೊಳ್ಳಿ. ಅವಳು ಸಿಡುಕುತ್ತಾಳೆ, ನೀನು ಬಿಡಬೇಡ. ಅಂಗಿ ಹೇಗಿರಬೇಕೆಂಬುದರಲ್ಲಿ ಅವಳ ಮಾತೇ ನಡೆಯಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಕ್ಕ

ತಾ.ಕ.: ಗಿರಾಕಿಗಳ ಮನೆಗೆ ಹೋಗಿ ನೋಡಿಬರಲು ನಿಮಗೆ ಯಾರಾದರೂ ಬೇಕಾದರೆ, ನಾನು ಬಿಡುವಾಗಿದ್ದೇನೆ. ಮೊದಲು ಚೂಟಿಯನ್ನು ಕೇಳು. ಅವಳು ಬೇಡ ಅಂದರೆ ನನ್ನ ಪರವಾಗಿ ವಾದ ಮಾಡಬೇಡ.